ಕಡಲ ಸಂಸಾರದ ಮೊದಲ ಪಾಠ

ಏಪ್ರಿಲ್ ತಿಂಗಳ ಮುಂಜಾನೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹ್ಯಾಂಬಲ್ ನದಿ ಕಡಲು ಸೇರುವ ಜಾಗ. ಬೂದು ಬಣ್ಣದ ನೀರು, ಬೂದು ಬಣ್ಣದ ಆಕಾಶ. ಹತ್ತು ಮೀಟರ್ ಉದ್ದದ ಹಾಯಿದೋಣಿಯೊಂದು ಒಂದು ಮಗ್ಗುಲಿಗೆ ವಾಲಿಕೊಂಡು ಸಾಗುತ್ತಿದೆ. ಅದರಲ್ಲಿ ಮೂವರು: ಗಂಡ, ಹೆಂಡತಿ ಮತ್ತು ದೋಣಿ ನಡೆಸುವುದನ್ನು ಕಲಿಸುವ ಮೇಷ್ಟ್ರು. ಚುಕ್ಕಾಣಿ ಹೆಂಡತಿಯ ಕೈಯಲ್ಲಿದೆ. ಮೇಷ್ಟ್ರು ಸದ್ದಿಲ್ಲದೆ ಹಿಂದಕ್ಕೆ ಸರಿದು, ಬಕೆಟ್ ಕಟ್ಟಿದ ರಬ್ಬರ್ ದಿಂಡೊಂದನ್ನು ಎತ್ತಿ ನೀರಿಗೆಸೆಯುತ್ತಾರೆ.

'ನಿಮ್ಮ ಯಜಮಾನರು ನೀರಿಗೆ ಬಿದ್ದರು' ಎನ್ನುತ್ತಾರೆ ಆಕೆಗೆ. ಆಮೇಲೆ ಗಂಡನ ಕಡೆ ತಿರುಗಿ, 'ನೀವು ಸುಮ್ಮನೆ ಕೂತಿರಿ. ಕೈ ಹಚ್ಚಬಾರದು, ಮಾತೂ ಆಡಬಾರದು. ನೀವೀಗ ದೋಣಿಯಲ್ಲಿಲ್ಲ.'

ಹೀಗೆ ಎದುರಿಗೇ ಕೂತ ಗಂಡನನ್ನು ಇಲ್ಲವೆಂದುಕೊಂಡು, ಅಲೆಯ ನಡುವೆ ಕಂಡು ಮರೆಯಾಗುವ ರಬ್ಬರ್ ದಿಂಡನ್ನೇ ಗಂಡನೆಂದುಕೊಂಡು ಆ ಹೆಂಗಸು ದೋಣಿ ತಿರುಗಿಸಬೇಕು. ಮೊದಲ ಸಲ ದಿಂಡು ಸಿಗುವುದಿಲ್ಲ. ಎರಡನೆಯ ಸಲ ದೋಣಿ ಅದರ ಮೇಲೇ ಹಾದು ಹೋಗುತ್ತದೆ. ಮೂರನೆಯ ಸಲ ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಜಾರುತ್ತದೆ. ಗಂಡ ತುಟಿ ಕಚ್ಚಿಕೊಂಡು ಕೂತಿರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಪಾತ್ರ ಬದಲಾಗುತ್ತದೆ. ಆಗ ನೀರಿಗೆ ಬಿದ್ದವಳು ಹೆಂಡತಿ.

ಚಳಿ ಇಳಿದು ಹಾಯಿಯ ಋತು ಶುರುವಾಯಿತೆಂದರೆ ಸೊಲೆಂಟ್ ಜಲಸಂಧಿಯಲ್ಲಿ ಈ ನಾಟಕ ಮತ್ತೆ ಮತ್ತೆ ನಡೆಯುತ್ತದೆ. ಕೆಲವರಿಗೆ ಇದು ವಾರದ ಕೊನೆಯ ಮೋಜು. ಆದರೆ ಕಲಿಯಲು ಬರುವ ಗಂಡ ಹೆಂಡಿರಲ್ಲಿ ಒಂದು ಬೇರೆ ಜಾತಿಯವರಿದ್ದಾರೆ. ಅವರು ಮನೆ ಮಾರಲು ಹೊರಟವರು, ಇಲ್ಲವೇ ಮಾರಿ ಬಂದವರು. ಮಕ್ಕಳು ದೊಡ್ಡವರಾಗಿರುತ್ತಾರೆ ಅಥವಾ ಮಕ್ಕಳೇ ಬೇಡವೆಂದಿರುತ್ತಾರೆ. ಒಂದು ದೋಣಿ ಕೊಂಡು, ಅದನ್ನೇ ಮನೆ ಮಾಡಿಕೊಂಡು, ಬಂದರಿನಿಂದ ಬಂದರಿಗೆ ವರ್ಷಗಟ್ಟಲೆ ಅಲೆಯಬೇಕೆಂಬುದು ಅವರ ಹಂಬಲ. ಆ ಹಂಬಲ ಹೊತ್ತು ಬಂದವರಿಗೆ ರಬ್ಬರ್ ದಿಂಡಿನ ಈ ಪಾಠ ಬರೀ ಪಾಠವಲ್ಲ.

ಎರಡು ಸಲ ತುಂಬುವ ಕಡಲು

ಸೊಲೆಂಟ್ ಎಂದರೆ ಇಂಗ್ಲೆಂಡಿನ ನೆಲಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರುವ ಸುಮಾರು 20 ಮೈಲಿ ಉದ್ದದ ಜಲಸಂಧಿ. ಅಗಲ ಹೆಚ್ಚಿನ ಕಡೆ ಎರಡೂವರೆಯಿಂದ ಐದು ಮೈಲಿ. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ಮರಗಿಡಗಳು ಕಾಣುತ್ತವೆ. ಉತ್ತರ ದಡದಲ್ಲಿ ಸೌತಾಂಪ್ಟನ್, ಪೋರ್ಟ್ಸ್‌ಮತ್, ಲಿಮಿಂಗ್ಟನ್. ದ್ವೀಪದ ಕಡೆ ಕೌಸ್ ಮತ್ತು ಯಾರ್ಮತ್. 1620ರಲ್ಲಿ 'ಮೇಫ್ಲವರ್' ಹಡಗು ಅಮೆರಿಕದತ್ತ ಮೊದಲು ಹೊರಟದ್ದು ಸೌತಾಂಪ್ಟನ್ನಿನಿಂದ. 1912ರ ಏಪ್ರಿಲ್ 10ರಂದು 'ಟೈಟಾನಿಕ್' ಹೊರಟದ್ದೂ ಇಲ್ಲಿಂದಲೇ. 1851ರಲ್ಲಿ ಐಲ್ ಆಫ್ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ 'ಅಮೆರಿಕ' ಎಂಬ ಹಾಯಿಹಡಗು ಗೆದ್ದದ್ದರಿಂದಲೇ ಮುಂದೆ ಅಮೆರಿಕಾಸ್ ಕಪ್ ಹುಟ್ಟಿತು. ಕೌಸ್ ಊರಿನಲ್ಲಿ 1826ರಲ್ಲಿ ಆರಂಭವಾದ ಹಾಯಿದೋಣಿ ಪಂದ್ಯಗಳು ಇಂದಿಗೂ ಆಗಸ್ಟ್ ತಿಂಗಳಲ್ಲಿ ದೊಡ್ಡ ಜಾತ್ರೆಯಂತೆ ನಡೆಯುತ್ತವೆ.

ಆದರೆ ಕಲಿಯುವವರನ್ನು ಇಲ್ಲಿ ಮೊದಲು ಕಾಡುವುದು ಚರಿತ್ರೆಯಲ್ಲ, ಉಬ್ಬರ ಇಳಿತ. ನಮ್ಮ ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಸೊಲೆಂಟ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಅದು ನಾಲ್ಕು ಮೀಟರನ್ನು ಮುಟ್ಟುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಕೆಸರಿರುತ್ತದೆ, ಕೆಸರಿನಲ್ಲಿ ಹಕ್ಕಿಗಳು ನಡೆದಾಡುತ್ತಿರುತ್ತವೆ. ಸಾಲದ್ದಕ್ಕೆ ಸೌತಾಂಪ್ಟನ್ನಿನಲ್ಲಿ ಕಡಲು ಎರಡೆರಡು ಸಲ ತುಂಬುತ್ತದೆ. ಒಮ್ಮೆ ತುಂಬಿ, ಕೊಂಚ ಇಳಿದು, ಮತ್ತೆ ಏರುತ್ತದೆ. ದ್ವೀಪದ ಎರಡೂ ಕೊನೆಗಳಿಂದ ನೀರು ನುಗ್ಗಿ ಬರುವುದೇ ಇದಕ್ಕೆ ಕಾರಣವೆಂದು ಜನ ಬಹಳ ಕಾಲ ನಂಬಿದ್ದರು. ನಿಜವಾದ ಕಾರಣ ಇಂಗ್ಲಿಷ್ ಕಡಲ್ಗಾಲುವೆಯ ಆಕಾರ ಮತ್ತು ಅದರ ಆಳ ಕಡಿಮೆಯಾಗಿರುವುದು. ಉಬ್ಬರದ ಅಲೆ ಅಲ್ಲಿ ಸೊಟ್ಟಗಾಗಿ ಸೌತಾಂಪ್ಟನ್ನಿಗೆ ಬರುವ ಹೊತ್ತಿಗೆ ಎರಡು ತಲೆಯದಾಗಿರುತ್ತದೆ. ದೊಡ್ಡ ಹಡಗುಗಳಿಗೆ ಇದೊಂದು ವರ. ನೀರು ತುಂಬಿ ನಿಲ್ಲುವ ಸಮಯ ಹೆಚ್ಚು ಸಿಗುವುದರಿಂದಲೇ ಸೌತಾಂಪ್ಟನ್ ದೊಡ್ಡ ಬಂದರಾಗಿ ಬೆಳೆಯಿತು.

ಪಶ್ಚಿಮದ ಕೊನೆಯಲ್ಲಿ ಹರ್ಸ್ಟ್ ಕೋಟೆಯ ಬಳಿ ಜಲಸಂಧಿ ಒಂದು ಮೈಲಿಗಿಂತ ಕಿರಿದಾಗುತ್ತದೆ. ಅಲ್ಲಿ ನೀರಿನ ಸೆಳೆತ 4 ನಾಟ್ ದಾಟುತ್ತದೆ. ಸಾಧಾರಣ ಹಾಯಿದೋಣಿಯ ವೇಗ 5 ನಾಟ್. ಸೆಳೆತದ ಜೊತೆ ಹೋದರೆ ದಡದಲ್ಲಿ ನಿಂತವರಿಗೆ ಅದು 9 ನಾಟ್ ವೇಗದಲ್ಲಿ ಓಡಿದಂತೆ ಕಾಣುತ್ತದೆ. ಸೆಳೆತಕ್ಕೆ ಎದುರಾದರೆ ಹಾಯಿ ತುಂಬಿ ನಿಂತಿರುತ್ತದೆ, ನೀರು ಬುಳುಬುಳು ಹರಿಯುತ್ತಿರುತ್ತದೆ, ಆದರೆ ದಡದ ಮೇಲಿನ ಕೋಟೆ ಮಾತ್ರ ಅಲ್ಲಾಡುವುದಿಲ್ಲ. ಗಂಟೆಗೆ ಒಂದೇ ಒಂದು ಮೈಲಿ. 'ನಾಳೆ ಎಷ್ಟು ಹೊತ್ತಿಗೆ ಹೊರಡೋಣ?' ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವವನು ಚಂದ್ರ. ಬೆಳಗಿನ ಜಾವ 4 ಗಂಟೆಗೆ ಎಂದು ಉಬ್ಬರದ ಪಟ್ಟಿ ಹೇಳಿದರೆ 4 ಗಂಟೆಗೆ ಏಳಬೇಕು. ಗಡಿಯಾರ ನೋಡಿ ಬದುಕಿದ ಪಟ್ಟಣದವರಿಗೆ ಇದು ರೂಢಿಯಾಗಲು ದಿನ ಹಿಡಿಯುತ್ತದೆ.

ಜಲಸಂಧಿಯ ನಡುವೆ ಬ್ರಾಂಬಲ್ ಎಂಬ ಮರಳ ದಿಬ್ಬವಿದೆ. ವರ್ಷದ ಅತಿ ದೊಡ್ಡ ಇಳಿತದ ದಿನ ಅದು ಸ್ವಲ್ಪ ಹೊತ್ತು ನೀರಿನಿಂದ ಮೇಲೇಳುತ್ತದೆ. ಆಗ ಹ್ಯಾಂಬಲ್‌ನ ರಾಯಲ್ ಸದರ್ನ್ ಯಾಟ್ ಕ್ಲಬ್ಬಿನವರೂ ಕೌಸ್‌ನ ಐಲ್ಯಾಂಡ್ ಸೇಲಿಂಗ್ ಕ್ಲಬ್ಬಿನವರೂ ಬಿಳಿ ಬಟ್ಟೆ ತೊಟ್ಟು ಬ್ಯಾಟು ಹಿಡಿದು ಅಲ್ಲಿಗೆ ಹೋಗಿ ಕ್ರಿಕೆಟ್ ಆಡುತ್ತಾರೆ. ಕಾಲ ಕೆಳಗೆ ನೀರು ಬಂದಾಗ ಆಟ ಮುಗಿಯಿತು. ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯ, ಒಂದು ವರ್ಷ ಇವರು, ಮರುವರ್ಷ ಅವರು. ಮೋಜಿನ ಮಾತು ನಿಜ. ಆದರೆ ಇದೇ ದಿಬ್ಬ 2008ರ ನವೆಂಬರ್ 11ರಂದು, ಕೊನೆಯ ಸಲ ಸೌತಾಂಪ್ಟನ್ನಿಗೆ ಬರುತ್ತಿದ್ದ 'ಕ್ಯೂಇ2' ಎಂಬ ಭಾರಿ ಪ್ರಯಾಣಿಕರ ಹಡಗನ್ನೂ ಹಿಡಿದು ನಿಲ್ಲಿಸಿತ್ತು. ಹೊಸಬರಿಗೆ ನಕ್ಷೆ ಓದುವುದು ಕಲಿಸುವಾಗ ಈ ಎರಡು ಕತೆಗಳೇ ಸಾಕು.

ಐದು ದಿನ, ಇಬ್ಬರು

ಬ್ರಿಟನ್ನಿನಲ್ಲಿ ಸ್ವಂತ ಸಂತೋಷಕ್ಕೆಂದು ಕಡಲಲ್ಲಿ ಹಾಯಿದೋಣಿ ನಡೆಸಲು ಲೈಸೆನ್ಸ್ ಬೇಡ. ಈ ಮಾತು ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಸ್ಕೂಟರಿಗೆ ಬೇಕಾದ ಪರವಾನಗಿ ಕಡಲಿಗೆ ಬೇಡವೆ? ಬೇಡ. ಆದರೂ ಜನ ಕಲಿಯದೆ ಹೊರಡುವುದಿಲ್ಲ. ಹ್ಯಾಂಬಲ್‌ನಲ್ಲೇ ಕಚೇರಿ ಇರುವ ರಾಯಲ್ ಯಾಟಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಮೆಟ್ಟಿಲು ಮೆಟ್ಟಿಲಾಗಿ ಪಾಠಗಳನ್ನು ರೂಪಿಸಿದೆ. ಮೊದಲ ಮೆಟ್ಟಿಲು ದೋಣಿಯಲ್ಲಿ ಉಪಯೋಗಕ್ಕೆ ಬರುವ ಆಳಾಗುವುದು. ಎರಡನೆಯದು ಹಗಲಿನಲ್ಲಿ, ಪರಿಚಿತ ನೀರಿನಲ್ಲಿ ದೋಣಿಯ ಯಜಮಾನಿಕೆ ಹೊರುವುದು. ಈ ಎರಡು ಪಾಠಗಳಿಗೂ ಐದೈದು ದಿನ ದೋಣಿಯಲ್ಲೇ ವಾಸ. ಅದಕ್ಕೂ ಮೇಲಿನ ಮೆಟ್ಟಿಲುಗಳಿಗೆ ನೂರಾರು, ಕೊನೆಗೆ ಸಾವಿರಾರು ಮೈಲಿಗಳ ಅನುಭವ ಬೇಕು.

ಮೊದಲ ದಿನ ಗಂಟುಗಳು. ಎಳೆದಷ್ಟೂ ಬಿಗಿಯಾಗದ ಗಂಟು, ಎಳೆದಷ್ಟೂ ಜಾರದ ಗಂಟು, ಬೇಕೆಂದಾಗ ಒಂದೇ ಸಲಕ್ಕೆ ಬಿಚ್ಚುವ ಗಂಟು. ಎರಡನೆಯ ದಿನ ಗಾಳಿ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗುತ್ತ, ಘಾಟಿ ರಸ್ತೆಯ ತಿರುವುಗಳ ಹಾಗೆ ಮೇಲೇರಬೇಕು. ತಿರುಗಿದಾಗಲೆಲ್ಲ ಹಾಯಿಯ ಅಡಿಯಲ್ಲಿರುವ ಅಡ್ಡಮರ ತಲೆಯ ಮೇಲಿಂದ ಆಚೆಗೆ ಬೀಸಿ ಹೋಗುತ್ತದೆ. ತಲೆ ತಗ್ಗಿಸದವನಿಗೆ ಆ ಪಾಠ ಎರಡನೆಯ ಸಲ ಬೇಕಾಗುವುದಿಲ್ಲ. ಮೂರನೆಯ ದಿನ ಹಾಯಿ ಕುಗ್ಗಿಸುವುದು. ಗಾಳಿ ಹೆಚ್ಚಾಯಿತೇ ಎಂದು ಅನುಮಾನ ಬಂದ ಕ್ಷಣವೇ ಕುಗ್ಗಿಸಬೇಕು, ಖಾತ್ರಿಯಾಗುವವರೆಗೆ ಕಾದರೆ ತಡವಾಯಿತು ಎಂಬುದು ಕಡಲಿನವರ ಹಳೆಯ ಅನುಭವ.

ದೋಣಿಯ ಪಾಠಕ್ಕಿಂತ ಕಷ್ಟದ್ದು ಸಂಸಾರದ ಪಾಠ. ಧಕ್ಕೆಗೆ ದೋಣಿ ಕಟ್ಟುವ ಹೊತ್ತಿನಲ್ಲಿ ಯಾವ ಬಂದರಿಗೆ ಹೋದರೂ ಒಂದೇ ದೃಶ್ಯ. ಗಂಡ ಹಿಂದೆ ನಿಂತು ಚುಕ್ಕಾಣಿ ಹಿಡಿದಿದ್ದಾನೆ. ಹೆಂಡತಿ ಮುಂದೆ ಹಗ್ಗ ಹಿಡಿದು ಧಕ್ಕೆಗೆ ಹಾರಲು ಸಿದ್ಧಳಾಗಿ ನಿಂತಿದ್ದಾಳೆ. ನಡುವೆ ಹತ್ತು ಮೀಟರ್ ದೂರ, ಎಂಜಿನ್ ಸದ್ದು, ಗಾಳಿಯ ಸದ್ದು. ಅವನು ಕೂಗಿದ್ದು ಅವಳಿಗೆ ಕೇಳುವುದಿಲ್ಲ, ಅವಳು ತೋರಿಸಿದ್ದು ಅವನಿಗೆ ಕಾಣುವುದಿಲ್ಲ. ಧಕ್ಕೆಯ ಮೇಲೆ ನಿಂತವರಿಗೆಲ್ಲ ಬಿಟ್ಟಿ ಮನರಂಜನೆ. ಈಗ ಅನೇಕ ದಂಪತಿ ಕಿವಿಗೆ ತಂತಿಯಿಲ್ಲದ ಹೆಡ್‌ಸೆಟ್ ಸಿಕ್ಕಿಸಿಕೊಂಡು ಮೆಲ್ಲಗೆ ಮಾತಾಡುತ್ತಾರೆ. ಆ ಯಂತ್ರಕ್ಕೆ ದೋಣಿಯವರು ಇಟ್ಟ ಅಡ್ಡಹೆಸರು 'ಮದುವೆ ಉಳಿಸುವ ಸಾಧನ'. ಅದಿಲ್ಲದವರು ಕೈಸನ್ನೆ ಮಾಡಿಕೊಳ್ಳುತ್ತಾರೆ.

ಒಳ್ಳೆಯ ಮೇಷ್ಟ್ರು ಮೊದಲು ಮಾಡುವ ಕೆಲಸವೆಂದರೆ ಇಬ್ಬರ ಜಾಗ ಬದಲಿಸುವುದು. ಹಗ್ಗ ಹಿಡಿದು ಹಾರಲು ಬಲ ಬೇಕು, ಚುಕ್ಕಾಣಿಗೆ ಬೇಕಾದದ್ದು ತಾಳ್ಮೆ. ಹಾಗಿದ್ದ ಮೇಲೆ ಗಂಡನೇ ಏಕೆ ಯಾವಾಗಲೂ ಚುಕ್ಕಾಣಿಯಲ್ಲಿ? ಅವಳು ನಕ್ಷೆ ಓದಲಿ, ಎಂಜಿನ್ನಿನ ಎಣ್ಣೆ ನೋಡಲಿ. ಅವನು ಅಡುಗೆ ಮಾಡಲಿ, ವಾಲಿದ ದೋಣಿಯಲ್ಲಿ ಚಹಾ ಸೋಸುವುದೂ ಒಂದು ವಿದ್ಯೆಯೇ. ಇದು ಸಮಾನತೆಯ ಭಾಷಣವಲ್ಲ. ಮನೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದಿದ್ದರೆ ಊಟ ಒಂದು ಹೊತ್ತು ತಡವಾಗಬಹುದು. ದಡ ಕಾಣದ ಕಡೆ ಅದೇ ಅಜ್ಞಾನದಿಂದ ಜೀವ ಹೋಗುತ್ತದೆ.

ಉಳಿದವರು ಒಬ್ಬರೇ

ಲೆಕ್ಕ ಹಾಕಿ ನೋಡಬಹುದು. 6 ನಾಟ್ ವೇಗದ ದೋಣಿ ಒಂದು ಸೆಕೆಂಡಿಗೆ ಮೂರು ಮೀಟರ್ ಸಾಗುತ್ತದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಬಿದ್ದವರಿಗೂ ದೋಣಿಗೂ 180 ಮೀಟರಿಗಿಂತ ಹೆಚ್ಚು ದೂರ. ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟು ಕಾಣುತ್ತದೆ, ಅದೂ ಆಗಾಗ. ಏಪ್ರಿಲ್‌ನಲ್ಲಿ ಸೊಲೆಂಟ್ ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂಥ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಏದುಸಿರು ಹತೋಟಿಗೆ ಬರುವುದಿಲ್ಲ. ಸುಮಾರು ಹತ್ತು ನಿಮಿಷದಲ್ಲಿ ಕೈಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಹಗ್ಗ ಎಸೆದರೂ ಹಿಡಿಯಲಾಗುವುದಿಲ್ಲ.

ಹತ್ತು ಮಂದಿ ಇರುವ ಪಂದ್ಯದ ದೋಣಿಯಲ್ಲಿ ಒಬ್ಬ ಬಿದ್ದರೆ ಒಬ್ಬ ಅವನ ಕಡೆ ಬೆರಳು ಚಾಚಿ ನಿಲ್ಲುತ್ತಾನೆ, ಕಣ್ಣು ಕದಲಿಸುವುದಿಲ್ಲ. ಒಬ್ಬ ತೇಲುಬಳೆ ಎಸೆಯುತ್ತಾನೆ, ಒಬ್ಬ ರೇಡಿಯೊ ಹಿಡಿಯುತ್ತಾನೆ, ಇಬ್ಬರು ಹಾಯಿ ನೋಡಿಕೊಳ್ಳುತ್ತಾರೆ, ಒಬ್ಬ ದೋಣಿ ತಿರುಗಿಸುತ್ತಾನೆ. ಗಂಡ ಹೆಂಡಿರ ದೋಣಿಯಲ್ಲಿ ಇಬ್ಬರಲ್ಲಿ ಒಬ್ಬರು ಬಿದ್ದರೆ ಉಳಿದವರು ಒಬ್ಬರೇ. ಬೆರಳು ಚಾಚುವವರೂ ಅವರೇ, ಬಳೆ ಎಸೆಯುವವರೂ ಅವರೇ, ತಿರುಗಿಸುವವರೂ ಅವರೇ. ಅಂಥ ಹೊತ್ತಿನಲ್ಲಿ ಕೈ ನಡುಗಬಾರದು.

ಆದ್ದರಿಂದ ಇಬ್ಬರ ದೋಣಿಗೆ ಕಲಿಸುವ ಉಪಾಯ ಬೇರೆ. ದೋಣಿಯನ್ನು ಆ ಕ್ಷಣವೇ ಗಾಳಿಗೆ ಅಡ್ಡ ತಿರುಗಿಸಬೇಕು, ಮುಂದಿನ ಹಾಯಿಯ ಹಗ್ಗವನ್ನು ಮಾತ್ರ ಬಿಚ್ಚಬಾರದು. ಆಗ ಆ ಹಾಯಿ ಉಲ್ಟಾ ಗಾಳಿ ಹಿಡಿದು ಮೂತಿಯನ್ನು ಒಂದು ಕಡೆ ತಳ್ಳುತ್ತದೆ, ಚುಕ್ಕಾಣಿ ಇನ್ನೊಂದು ಕಡೆ ತಳ್ಳುತ್ತದೆ. ಎರಡರ ಜಗಳದಲ್ಲಿ ದೋಣಿ ಬಿದ್ದವರ ಹತ್ತಿರದಲ್ಲೇ ನಿಧಾನವಾಗಿ ತೇಲುತ್ತ ನಿಲ್ಲುತ್ತದೆ. ಎತ್ತುವುದು ಇನ್ನೂ ಕಷ್ಟ. ನೆನೆದ ಬಟ್ಟೆಯ, ಬಲ ಉಡುಗಿದ 80 ಕಿಲೋ ತೂಕದ ಗಂಡಸನ್ನು ನೀರಿನಿಂದ ಒಂದು ಮೀಟರ್ ಮೇಲಕ್ಕೆ ಬರಿಗೈಯಲ್ಲಿ ಎತ್ತಲು ಯಾರಿಂದಲೂ ಆಗದು. ಹಾಯಿ ಏರಿಸುವ ಹಗ್ಗವನ್ನೇ ಅವನ ಕವಚದ ಕೊಂಡಿಗೆ ಸಿಕ್ಕಿಸಿ, ಹಗ್ಗ ಸುತ್ತುವ ವಿಂಚ್ ತಿರುಗಿಸಿ ಇಂಚು ಇಂಚಾಗಿ ಏರಿಸಬೇಕು. ಹಿಡಿಕೆ ತಿರುಗಿಸುವ 50 ಕಿಲೋ ತೂಕದ ಹೆಂಗಸಿಗೆ ಇದು ಸಾಧ್ಯವಿದೆ, ಮೊದಲೇ ನಾಲ್ಕು ಸಲ ಮಾಡಿ ನೋಡಿದ್ದರೆ.

ಎಲ್ಲಕ್ಕಿಂತ ದೊಡ್ಡ ಪಾಠ ಬೀಳದಿರುವುದು. ದೋಣಿಯ ಉದ್ದಕ್ಕೂ ಬಿಗಿದು ಕಟ್ಟಿದ ಪಟ್ಟಿಗೆ ಸೊಂಟದ ಹಗ್ಗ ಸಿಕ್ಕಿಸದೆ ರಾತ್ರಿ ಯಾರೂ ಹೊರಗೆ ಕಾಲಿಡಬಾರದು. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಅವರನ್ನು ಎಬ್ಬಿಸದೆ ದೋಣಿಯ ಮುಂಭಾಗಕ್ಕೆ ಹೋಗಬಾರದು. ಈ ನಿಯಮ ಮುರಿಯುವುದು ಪ್ರೀತಿಯ ಕಾರಣಕ್ಕೇ ಎಂಬುದು ವಿಚಿತ್ರ: 'ಪಾಪ, ಈಗ ತಾನೇ ನಿದ್ದೆ ಹತ್ತಿದೆ, ಯಾಕೆ ಎಬ್ಬಿಸಲಿ?'

ನಿದ್ದೆಯ ಮಾತು ಬಂತು. ದೂರದ ಯಾನದಲ್ಲಿ ಇಬ್ಬರೇ ಇದ್ದರೆ ಹಗಲು ರಾತ್ರಿ ಪಾಳಿ. ಮೂರು ಗಂಟೆ ಒಬ್ಬರ ಕಾವಲು, ಮೂರು ಗಂಟೆ ಇನ್ನೊಬ್ಬರದು. ಕೆನರಿ ದ್ವೀಪಗಳಿಂದ ಕೆರಿಬಿಯನ್ ಕಡೆಗೆ ಅಟ್ಲಾಂಟಿಕ್ ದಾಟಲು ಸುಮಾರು 2,700 ನಾಟಿಕಲ್ ಮೈಲಿ, ಮೂರು ವಾರ. 'ಸದಾ ಜೊತೆಗಿರೋಣ' ಎಂದು ಹೊರಟವರು ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುವುದನ್ನೇ ನೋಡುತ್ತಾರೆ. ಸಪ್ತಪದಿ ತುಳಿದು ಮದುವೆಯಾದವರಿಗೂ ಆ ದೋಣಿಯ ಕೋಣೆಯಲ್ಲಿ ನೇರವಾಗಿ ಏಳು ಹೆಜ್ಜೆ ಇಡಲು ಜಾಗವಿಲ್ಲ.

ಇಬ್ಬರೇ ಇರುವ ದೋಣಿಯ ಶಿಸ್ತು ಎಂಥದೆಂದು ನಮ್ಮ ನೆರೆಯ ಗೋವಾದಲ್ಲೂ ನೋಡಬಹುದು. ಭಾರತೀಯ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರ್ 2ರಂದು 'ತಾರಿಣಿ' ಹಾಯಿದೋಣಿಯಲ್ಲಿ ಅಲ್ಲಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಎಂಟು ತಿಂಗಳ ಯಾನಕ್ಕೆ ಮುಂಚೆ ಅವರು ತರಬೇತಿ ಪಡೆದದ್ದು ವರ್ಷಗಟ್ಟಲೆ.

ಯಾರ್ಮತ್‌ನ ದಂಪತಿ

ಗಂಡ ಹೆಂಡತಿ ಇಬ್ಬರೇ ಪುಟ್ಟ ದೋಣಿಯಲ್ಲಿ ಜಗತ್ತು ಸುತ್ತಬಹುದೆಂದು ಇಂಗ್ಲಿಷ್ ಜನಕ್ಕೆ ತೋರಿಸಿಕೊಟ್ಟವರು ಐಲ್ ಆಫ್ ವೈಟ್ ದ್ವೀಪದ ಯಾರ್ಮತ್‌ನಲ್ಲಿ ನೆಲೆಸಿದ್ದ ಎರಿಕ್ ಹಿಸ್ಕಾಕ್ ಮತ್ತು ಸೂಸನ್ ಹಿಸ್ಕಾಕ್. ಎರಿಕ್‌ಗೆ ಚಿಕ್ಕಂದಿನಿಂದ ದೃಷ್ಟಿ ಮಂದ. 1952ರಲ್ಲಿ 30 ಅಡಿ ಉದ್ದದ 'ವಾಂಡರರ್ 3' ಎಂಬ ಮರದ ದೋಣಿಯಲ್ಲಿ ಅವರು ಹೊರಟರು. ಮೂರು ವರ್ಷ ಭೂಮಿ ಸುತ್ತಿ 1955ರಲ್ಲಿ ಮರಳಿದರು. 1959ರಿಂದ 1962ರವರೆಗೆ ಅದೇ ದೋಣಿಯಲ್ಲಿ ಮತ್ತೊಂದು ಸುತ್ತು. ದೊಡ್ಡ ಸಾಹಸವೇನೂ ನಡೆಯದ ಹಾಗೆ ನೋಡಿಕೊಂಡದ್ದೇ ಅವರ ಸಾಹಸ. ಎರಿಕ್ ಬರೆದ ಪುಸ್ತಕಗಳಲ್ಲಿ ಚಂಡಮಾರುತದ ವರ್ಣನೆಗಿಂತ ಹೆಚ್ಚು ಜಾಗ ಹಗ್ಗ, ಲಂಗರು, ಅಡುಗೆ ಒಲೆ, ನೀರಿನ ತೊಟ್ಟಿಗಳಿಗೆ. ಕನಸು ಕಂಡವರಿಗೆ ಬೇಕಾಗಿದ್ದದ್ದು ಅದೇ. ಮುಂದಿನ ಒಂದು ತಲೆಮಾರಿನ ದೋಣಿ ದಂಪತಿಗಳಿಗೆ ಆ ಪುಸ್ತಕಗಳೇ ಪಠ್ಯ.

ಮನೆ ಮಾರಿದವರು

ಆ ತಲೆಮಾರಿನಲ್ಲಿ ಒಂದು ಜೋಡಿ ಮಾರಿಸ್ ಬೇಲಿ ಮತ್ತು ಮಾರಲಿನ್ ಬೇಲಿ. ಕಡಲಿನಿಂದ ಬಹಳ ಒಳಗಿರುವ ಡಾರ್ಬಿ ಪಟ್ಟಣದವರು. ಅವನು ಮುದ್ರಣಾಲಯದ ನೌಕರ. ಮನೆ ಮಾರಿ ದೋಣಿ ಕೊಳ್ಳೋಣವೆಂಬ ಯೋಚನೆ ಮೊದಲು ಬಂದದ್ದು ಅವಳಿಗೆ. ಅವಳಿಗೆ ಈಜು ಬರುತ್ತಿರಲಿಲ್ಲ. ಮನೆ ಮಾರಿದರು, 31 ಅಡಿಯ ದೋಣಿ ಕೊಂಡರು, ಇಬ್ಬರ ಹೆಸರನ್ನೂ ಬೆರೆಸಿ ಅದಕ್ಕೆ 'ಆರಲಿನ್' ಎಂದು ಹೆಸರಿಟ್ಟರು. ವರ್ಷಗಟ್ಟಲೆ ಅದರಲ್ಲೇ ಇದ್ದು, ದುಡಿದು, ಕೂಡಿಟ್ಟು, ಕಲಿತು, ಸಾಮಾನು ಜೋಡಿಸಿಕೊಂಡು 1972ರ ಜೂನ್ ತಿಂಗಳಲ್ಲಿ ಸೌತಾಂಪ್ಟನ್ನಿನಿಂದ ನ್ಯೂಜಿಲೆಂಡಿಗೆಂದು ಹೊರಟರು.

ಅವರ ಸಿದ್ಧತೆಯಲ್ಲಿ ಎಲ್ಲವೂ ಇತ್ತು, ಒಂದನ್ನು ಬಿಟ್ಟು. ರೇಡಿಯೊ ಸಂದೇಶ ಕಳಿಸುವ ಯಂತ್ರವನ್ನು ಅವರು ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಹೊರಗಿನವರ ಗೊಡವೆಯಿಲ್ಲದ ಸ್ವಾತಂತ್ರ್ಯಕ್ಕಾಗಿ ತಾನೆ ಹೊರಟದ್ದು? ಕಡಲಿಗೆ ಹೊರಡುವ ಎಲ್ಲರೊಳಗೂ ಈ ಆಸೆ ಸ್ವಲ್ಪವಾದರೂ ಇರುತ್ತದೆ.

ಪನಾಮಾ ಕಾಲುವೆ ದಾಟಿ ಗಲಾಪಗೋಸ್ ದ್ವೀಪಗಳತ್ತ ಸಾಗುತ್ತಿದ್ದಾಗ, 1973ರ ಮಾರ್ಚ್ 4ರ ಬೆಳಿಗ್ಗೆ, ಗಾಯಗೊಂಡ ತಿಮಿಂಗಿಲವೊಂದು ದೋಣಿಗೆ ಅಪ್ಪಳಿಸಿತು. ನೀರಿನ ಮಟ್ಟದ ಕೆಳಗೆ ತೂತು ಬಿತ್ತು. ಮುಚ್ಚಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಒಂದು ಗಂಟೆಯೊಳಗೆ ಮನೆ, ಮಠ, ವರ್ಷಗಳ ಸಂಪಾದನೆ ಎಲ್ಲ ಕಣ್ಣೆದುರು ಮುಳುಗಿತು. ಕೈಯಲ್ಲಿ ಉಳಿದದ್ದು ಗಾಳಿ ತುಂಬುವ ಒಂದು ತೆಪ್ಪ, ಒಂದು ಪುಟ್ಟ ರಬ್ಬರ್ ದೋಣಿ, ಕೆಲವು ದಿನಕ್ಕಾಗುವ ಡಬ್ಬಿ ಆಹಾರ, ಒಂದಿಷ್ಟು ಸಿಹಿನೀರು.

ಅವರು ತೇಲಿದ್ದು 117 ದಿನ, ಸುಮಾರು 1,500 ಮೈಲಿ. ಬಟ್ಟೆಯ ಪಿನ್ನುಗಳನ್ನು ಬಗ್ಗಿಸಿ ಗಾಳ ಮಾಡಿ ಮೀನು ಹಿಡಿದರು. ಆಮೆ, ಕಡಲ ಹಕ್ಕಿಗಳನ್ನು ಹಸಿಯಾಗಿ ತಿಂದರು. ಮಳೆ ನೀರು ಹಿಡಿದರು. ಏಳು ಹಡಗುಗಳು ಹಾದು ಹೋದವು, ಒಂದೂ ನಿಲ್ಲಲಿಲ್ಲ. ಮಾರಿಸ್ ಮನಸ್ಸು ಕುಸಿಯಿತು. ಮಾರಲಿನ್ ಕುಸಿಯಲಿಲ್ಲ. ಕಾಗದದಲ್ಲಿ ಇಸ್ಪೀಟು ಎಲೆಗಳನ್ನು ಮಾಡಿ ಗಂಡನನ್ನು ಆಟಕ್ಕೆ ಕೂರಿಸಿದಳು. ದಡ ಸೇರಿದ ಮೇಲೆ ಏನೇನು ಅಡುಗೆ ಮಾಡಬೇಕೆಂದು ಪಟ್ಟಿ ಬರೆದಳು. ಆ ತೆಪ್ಪದಲ್ಲೇ ಕೂತು ಇಬ್ಬರೂ ತಮ್ಮ ಮುಂದಿನ ದೋಣಿ ಹೇಗಿರಬೇಕೆಂದು ಯೋಜನೆ ಹಾಕಿದರು. 1973ರ ಜೂನ್ 30ರಂದು ಕೊರಿಯಾದ ಮೀನುಗಾರರ ಹಡಗು 'ವೋಲ್ಮಿ 306' ಅವರನ್ನು ಕಂಡು ಎತ್ತಿಕೊಂಡಿತು. ಎದ್ದು ನಿಲ್ಲಲೂ ಅವರ ಕಾಲಿಗೆ ಬಲವಿರಲಿಲ್ಲ. ತೆಪ್ಪದಲ್ಲಿ ಯೋಚಿಸಿದ್ದ ಆ ದೋಣಿ 'ಆರಲಿನ್ 2' ಎಂಬ ಹೆಸರಿನಲ್ಲಿ ನಿಜವಾಗಿಯೂ ಸಿದ್ಧವಾಯಿತು. ಅದರಲ್ಲಿ ಅವರು ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾಕ್ಕೆ ಹೋದರು.

ಬೇಲಿ ದಂಪತಿಯನ್ನು ಉಳಿಸಿದ್ದು ಯಾವ ಸಿದ್ಧತೆ? ತೆಪ್ಪ ಇದ್ದದ್ದು ನಿಜ. ಆದರೆ ತೆಪ್ಪದ ಜೊತೆಗೆ, ದೋಣಿ ಕಟ್ಟಿ ಕಾಯುತ್ತಿದ್ದ ವರ್ಷಗಳಲ್ಲಿ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದುದೂ ಉಳಿಸಿತು. ದೋಣಿಯಲ್ಲಿ ತಾನೇ ಯಜಮಾನ ಎಂದುಕೊಂಡಿದ್ದ ಮಾರಿಸ್ ತೆಪ್ಪದಲ್ಲಿ ಹೆಂಡತಿಯ ಮಾತು ಕೇಳಿದ. ಈಜು ಬಾರದವಳು ಅವನನ್ನು ದಡ ಮುಟ್ಟಿಸಿದಳು.

ಬೆಸ್ತರ ದೋಣಿಯ ಮೊಮ್ಮಗಳು

ಸೌತಾಂಪ್ಟನ್ನಿನ ಇಚೆನ್ ನದಿಯ ಪೂರ್ವ ದಡದಲ್ಲಿ ಇಚೆನ್ ಫೆರಿ ಎಂಬ ಬೆಸ್ತರ ಹಳ್ಳಿಯಿತ್ತು. ಪಕ್ಕದಲ್ಲೇ ಸ್ಪಿಟ್‌ಫೈರ್ ಯುದ್ಧವಿಮಾನ ಮಾಡುವ ಕಾರ್ಖಾನೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಕಾರ್ಖಾನೆಗೆ ಹಾಕಿದ ಬಾಂಬುಗಳಿಗೆ ಹಳ್ಳಿಯೂ ನೆಲಸಮವಾಯಿತು. ಹಳ್ಳಿ ಹೋದರೂ ಅದರ ಬೆಸ್ತರು ಕಟ್ಟುತ್ತಿದ್ದ ಅಗಲ ಹೊಟ್ಟೆಯ, ಗಟ್ಟಿಮುಟ್ಟಾದ ಮೀನು ದೋಣಿಯ ಆಕಾರ ಉಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಲ್ ಹೆಸ್ ಎಂಬ ವಿನ್ಯಾಸಕಾರ ಅದೇ ಕುಲದ ಒಂದು ಪುಟ್ಟ ದೋಣಿಯ ನಕ್ಷೆ ಬರೆದ. ಲ್ಯಾರಿ ಪಾರ್ಡಿ ಮತ್ತು ಲಿನ್ ಪಾರ್ಡಿ ದಂಪತಿ ಆ ನಕ್ಷೆಯಂತೆ ತಮ್ಮ ಕೈಯಾರೆ 'ಸೆರಾಫಿನ್' ಕಟ್ಟಿ 1968ರಲ್ಲಿ ನೀರಿಗಿಳಿಸಿದರು. ಉದ್ದ 24 ಅಡಿ 4 ಅಂಗುಲ, ಎಂಜಿನ್ ಇಲ್ಲ. ಗಾಳಿ ನಿಂತರೆ ಉದ್ದನೆಯ ಹುಟ್ಟು ಹಾಕಬೇಕು.

ದುಡ್ಡು ಕೂಡಿ ಬರಲಿ, ದೊಡ್ಡ ದೋಣಿ ಸಿಗಲಿ ಎಂದು ಕಾಯುತ್ತ ಕೂತರೆ ಆಯುಷ್ಯವೇ ಮುಗಿಯುತ್ತದೆ ಎಂಬುದು ಅವರ ವಾದ. ಕೈಗೆಟಕುವ ಚಿಕ್ಕ ದೋಣಿ, ತಾವೇ ರಿಪೇರಿ ಮಾಡಬಲ್ಲ ಸಾಮಾನು, ಇಷ್ಟಿದ್ದರೆ ಹೊರಡಬಹುದು. ಅವರು ಹನ್ನೊಂದು ವರ್ಷ 'ಸೆರಾಫಿನ್'ನಲ್ಲಿ ಅಲೆದರು. ಆಮೇಲೆ ಸುಮಾರು 30 ಅಡಿಯ 'ಟಾಲೆಸಿನ್' ಕಟ್ಟಿ ಇನ್ನೊಂದು ದಿಕ್ಕಿನಿಂದ ಭೂಮಿ ಸುತ್ತಿದರು. ಬಿರುಗಾಳಿಯಲ್ಲಿ ಪುಟ್ಟ ದೋಣಿಯನ್ನು ನಿಲ್ಲಿಸಿಕೊಳ್ಳುವುದು ಹೇಗೆಂದು ಅವರು ಬರೆದ ಪುಸ್ತಕದ ತಿರುಳೂ ಹಾಯಿ ಮತ್ತು ಚುಕ್ಕಾಣಿಯ ಅದೇ ಹಳೆಯ ಜಗಳ, ಹ್ಯಾಂಬಲ್‌ನಲ್ಲಿ ಇಂದಿಗೂ ಕಲಿಸುವುದು. ಕೊನೆಗೆ ನ್ಯೂಜಿಲೆಂಡಿನ ಕಾವೌ ದ್ವೀಪದಲ್ಲಿ ನೆಲೆಸಿದರು. ಲ್ಯಾರಿ 2020ರಲ್ಲಿ ತೀರಿಕೊಂಡರು.

ಡಬ್ಬಿಯ ಮೇಲಿನ ಹೆಸರು

ಈಗ ಹೊರಡುವವರ ಸಿದ್ಧತೆ ನೋಡಲು ಸೊಲೆಂಟ್‌ನ ಯಾವ ದೋಣಿ ತಂಗುದಾಣಕ್ಕಾದರೂ ಹೋಗಬಹುದು. ಒಂದು ದೋಣಿಯ ಮುಂದೆ ಡಬ್ಬಿ ಆಹಾರದ ರಾಶಿ. ಇಬ್ಬರೂ ಕೂತು ಡಬ್ಬಿಗಳ ಕಾಗದ ಕಿತ್ತು, ತಗಡಿನ ಮೇಲೆ ದಪ್ಪ ಶಾಯಿಯಲ್ಲಿ 'ಬಟಾಣಿ', 'ಟೊಮ್ಯಾಟೊ' ಎಂದು ಬರೆಯುತ್ತಿದ್ದಾರೆ. ತಳದಲ್ಲಿ ನೀರು ಸೇರಿದರೆ ಕಾಗದ ಕಳಚಿ ನೀರೆತ್ತುವ ಪಂಪಿನ ಬಾಯಿ ಕಟ್ಟಿಕೊಳ್ಳುತ್ತದೆ. ಮೊಟ್ಟೆಗಳಿಗೆ ವ್ಯಾಸಲಿನ್ ಸವರಿಟ್ಟರೆ ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡುವುದಿಲ್ಲ. ಮನೆಯ ಬೀರು, ಮದುವೆಯ ಪಾತ್ರೆ, ನಲವತ್ತು ವರ್ಷದ ಫೋಟೊ ಎಲ್ಲವನ್ನೂ ನೆಂಟರಿಗೆ ಹಂಚಿ ಬಂದಿರುತ್ತಾರೆ. ಏನು ತರಬೇಕು ಎಂಬುದಕ್ಕಿಂತ ಏನು ಬಿಡಬೇಕು ಎಂಬ ಜಗಳವೇ ಹೆಚ್ಚು ದಿನ ನಡೆಯುತ್ತದೆ.

ಬೇಲಿಯವರ ಕಾಲದ ಒಂದು ಕೊರತೆ ಈಗ ತೀರಿದೆ. ಮುಳುಗುವ ದೋಣಿಯಿಂದ ಉಪಗ್ರಹಕ್ಕೆ ಕೂಗು ಕಳಿಸುವ, ಅಂಗೈ ಅಗಲದ ಬೀಕನ್ ಸಿಗುತ್ತದೆ. ಆ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತ ಬಂದಿದೆ. ಉಪಗ್ರಹದ ಫೋನಿನಲ್ಲಿ ಅಟ್ಲಾಂಟಿಕ್ ನಡುವೆಯೂ ಮೊಮ್ಮಗನ ಜೊತೆ ಮಾತಾಡಬಹುದು. ದಿಕ್ಕು ತೋರುವ ಜಿಪಿಎಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮನುಷ್ಯ ಬಿದ್ದ ಜಾಗ ಗುರುತಾಗುತ್ತದೆ. ಆದರೆ ಆ ಗುಂಡಿ ಒತ್ತುವ ಬೆರಳು ಉಳಿದ ಒಬ್ಬರದೇ. ದಡದಿಂದ ಸಾವಿರ ಮೈಲಿ ದೂರದಲ್ಲಿ ಸಹಾಯ ಬರಲು ದಿನಗಳು ಬೇಕು, ನೀರಿನಲ್ಲಿರುವವರಿಗೆ ಇರುವುದು ನಿಮಿಷಗಳು.

ಅದಕ್ಕೇ ಹ್ಯಾಂಬಲ್‌ನ ಮೇಷ್ಟ್ರು ಐದನೆಯ ದಿನ ಸಂಜೆಯೂ ಅದೇ ರಬ್ಬರ್ ದಿಂಡನ್ನು ಎತ್ತಿ ಎಸೆಯುತ್ತಾರೆ. ಈ ಸಲ ಏನೂ ಹೇಳುವುದಿಲ್ಲ. ಚುಕ್ಕಾಣಿಯಲ್ಲಿದ್ದ ಹೆಂಡತಿ ಹಿಂದಿರುಗಿ ನೋಡಿ, ಒಂದು ಕೈಯಿಂದ ದಿಂಡಿನತ್ತ ತೋರಿಸುತ್ತಲೇ ಇನ್ನೊಂದು ಕೈಯಲ್ಲಿ ಚುಕ್ಕಾಣಿ ತಳ್ಳುತ್ತಾಳೆ. ಅಡ್ಡಮರ ಬೀಸಿ ಹೋಗುತ್ತದೆ, ಮುಂದಿನ ಹಾಯಿ ಉಲ್ಟಾ ತುಂಬುತ್ತದೆ, ದೋಣಿ ಮೆಲ್ಲಗೆ ನಿಲ್ಲುತ್ತದೆ. ಕೊಕ್ಕೆಕೋಲು ಚಾಚಿ ದಿಂಡನ್ನು ಹಿಡಿದು, ಹಗ್ಗ ಸಿಕ್ಕಿಸಿ, ವಿಂಚ್ ತಿರುಗಿಸತೊಡಗುತ್ತಾಳೆ. ಬಕೆಟ್ಟಿನ ತುಂಬ ನೀರಿದೆ, ಭಾರವಿದೆ. ಎದ್ದು ಕೈ ಕೊಡೋಣವೆಂದು ಗಂಡ ಅರ್ಧ ಏಳುತ್ತಾನೆ. ಅವಳು ತಲೆ ಎತ್ತದೆ ಹೇಳುತ್ತಾಳೆ:

'ಕೂತುಕೋ. ನೀನು ಇನ್ನೂ ನೀರಿನಲ್ಲಿದ್ದೀಯ.'